ಸೆಕೆಗಾಲದ ಡೈಪರ್: ಎಷ್ಟು ಗಂಟೆ ಅನ್ನುವುದಕ್ಕಿಂತ ಗಾಳಿ ಆಡುತ್ತದೆಯೇ ಎಂದು ನೋಡಿ

ಮಾನ್ಯ ಸಂಪಾದಕರೇ,

ಬಿಸಿಲು ಏರಿದಾಗಲೆಲ್ಲ ನಿಮ್ಮ ಪತ್ರಿಕೆಯಲ್ಲಿ ಹಿರಿಯರ ಆರೈಕೆಯ ಬಗ್ಗೆ ಸಲಹೆಗಳು ಬರುತ್ತವೆ. ನೀರು ಕುಡಿಸಿ, ಸಡಿಲವಾದ ಹತ್ತಿ ಬಟ್ಟೆ ಹಾಕಿ, ಮಧ್ಯಾಹ್ನ ಹೊರಗೆ ಬಿಡಬೇಡಿ ಅಂತ. ಎಲ್ಲವೂ ಸರಿ. ಆದರೆ ಆ ಹತ್ತಿ ಬಟ್ಟೆಯ ಒಳಗೆ ಹಗಲೂ ರಾತ್ರಿಯೂ ಡೈಪರ್ ಹಾಕಿಕೊಂಡೇ ಇರುವವರ ಬಗ್ಗೆ ಒಂದು ಸಾಲನ್ನೂ ನಾನು ಓದಿಲ್ಲ. ಅಂಥವರು ನಮ್ಮ ಕರಾವಳಿಯ ಪ್ರತಿ ಕೇರಿಯಲ್ಲೂ ಇದ್ದಾರೆ. ಮನೆಯವರು ಹೇಳಿಕೊಳ್ಳುವುದಿಲ್ಲ, ಅಷ್ಟೇ. ಅವರಿಗಾಗಿ ಈ ಪತ್ರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಹಾಕಿ.

ನಾನು ಅಂಕೋಲೆಯಲ್ಲಿ ಟೇಲರಿಂಗ್ ಮಾಡುತ್ತೇನೆ. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್, ಒಳಗಿನ ಕೋಣೆಯಲ್ಲಿ ನಮ್ಮ ಆಯಿ. ಅವಳಿಗೆ 80 ದಾಟಿದೆ. ಲಕ್ವ ಹೊಡೆದ ಮೇಲೆ ಎಡಗಡೆಯ ಕೈಕಾಲು ಸರಿಯಾಗಿ ಏಳುವುದಿಲ್ಲ. ಹಿಡಿದು ಕೂರಿಸಿದರೆ ಕೂರುತ್ತಾಳೆ, ಗಂಜಿ ತಾನೇ ಉಣ್ಣುತ್ತಾಳೆ, ಮಾತು ಸ್ಪಷ್ಟ ಇದೆ. ಮೂತ್ರ ಮಾತ್ರ ತಡೆಯಲು ಆಗುವುದಿಲ್ಲ. ಬಚ್ಚಲಿಗೆ ಕರೆದುಕೊಂಡು ಹೋಗುವಷ್ಟರಲ್ಲೇ ಆಗಿಬಿಡುತ್ತದೆ.

ಮಳೆಗಾಲ, ಚಳಿಗಾಲದಲ್ಲಿ ಹೇಗೋ ನಡೆಯುತ್ತದೆ. ಫೆಬ್ರುವರಿ ಕೊನೆಗೆ ಸೆಕೆ ಶುರುವಾಯಿತು ಅಂದರೆ ಕಷ್ಟ. ಘಟ್ಟದ ಕಡೆಯಿಂದ ಒಣ ಬಿಸಿಗಾಳಿ ಬೀಸುವ ದಿನ ಸಮುದ್ರದ ಗಾಳಿ ಒಳಗೆ ಬರುವುದು ತಡವಾಗುತ್ತದೆ. ಅಂಥ ದಿನ ಕಾರವಾರ, ಹೊನ್ನಾವರದ ಉಷ್ಣಾಂಶ ರಾಜ್ಯದಲ್ಲೇ ಮುಂದೆ ಇರುವುದನ್ನು ನೀವೇ ಸುದ್ದಿ ಮಾಡಿದ್ದೀರಿ. ಅದು ಕಳೆದು ಏಪ್ರಿಲ್ ಬಂತೋ, ಆಗ ಇನ್ನೊಂದು ಥರದ ಸೆಕೆ. ಗಾಳಿಯಲ್ಲೇ ನೀರಿರುತ್ತದೆ, ಮೈಮೇಲಿನ ಬೆವರು ಆರುವುದೇ ಇಲ್ಲ. ಹವಾಮಾನ ಇಲಾಖೆ ಬಯಲುಸೀಮೆಯಲ್ಲಿ 40 ಡಿಗ್ರಿ ಮುಟ್ಟಿದ ಮೇಲೆ ಬಿಸಿಗಾಳಿಯ ಲೆಕ್ಕ ಹಾಕಿದರೆ, ಕರಾವಳಿಗೆ 37 ಡಿಗ್ರಿಯಿಂದಲೇ ಆ ಲೆಕ್ಕ ಹಾಕುತ್ತದೆ. ಹೀಗೆ ಬೇರೆ ಅಳತೆ ಇರುವುದು ಸುಮ್ನೆ ಅಲ್ಲ. ಇಂಥ ಹವೆಯಲ್ಲಿ ಸೊಂಟದಿಂದ ತೊಡೆಯವರೆಗೆ ಪ್ಲಾಸ್ಟಿಕ್ ಸುತ್ತಿಕೊಂಡು ಮಲಗಿರುವುದು ಹೇಗಿರಬಹುದು, ಯೋಚಿಸಿ.

ಬೆಂಗಳೂರಿನಲ್ಲಿರುವ ತಮ್ಮ ಪ್ರೀತಿಯಿಂದ ಡೈಪರ್ ಕಟ್ಟುಗಳನ್ನು ಆನ್‌ಲೈನ್‌ನಲ್ಲಿ ತರಿಸಿ ಕಳಿಸುತ್ತಾನೆ. ದಪ್ಪ ಇರುವುದನ್ನೇ ಹುಡುಕಿ ಕಳಿಸುತ್ತಿದ್ದ. ಕಟ್ಟಿನ ಮೇಲೆ ಇಷ್ಟು ಗಂಟೆ ಸೋರುವುದಿಲ್ಲ ಅಂತ ದೊಡ್ಡದಾಗಿ ಬರೆದಿರುತ್ತದೆ. ನಿಜವಾಗಿ ಸೋರಲಿಲ್ಲ. ಆದರೆ ಮಾರ್ಚ್ ಬರುವಷ್ಟರಲ್ಲಿ ಆಯಿಯ ತೊಡೆ ಸಂದಿ ಕೆಂಪಾಗಿ, ಸುತ್ತ ಸಣ್ಣ ಸಣ್ಣ ಗುಳ್ಳೆ ಎದ್ದವು. ‘ಉರೀತು ಕೂಸೇ, ಬಿಚ್ಚಿಬಿಡು’ ಅಂತ ಮಧ್ಯಾಹ್ನವೆಲ್ಲ ಹೇಳುತ್ತಿದ್ದಳು. ಡಾಕ್ಟರು ನೋಡಿ, ಇದು ಒದ್ದೆಯಿಂದ ಚರ್ಮ ಸವೆದದ್ದು, ಅದರ ಮೇಲೆ ಫಂಗಸ್ ಕೂತಿದೆ ಅಂದರು. ಮುಲಾಮು ಬರೆದುಕೊಟ್ಟರು. ಜೊತೆಗೆ ಒಂದು ಮಾತು ಹೇಳಿದರು: ಮುಲಾಮಿಗಿಂತ ಮೊದಲು ಆ ಜಾಗಕ್ಕೆ ಗಾಳಿ ಬೇಕು.

ಆ ಮಾತಿನ ಮೇಲೆ ನಾನು ಡೈಪರನ್ನು ಬಟ್ಟೆ ನೋಡುವ ಹಾಗೆ ನೋಡಲು ಶುರು ಮಾಡಿದೆ. ಯಾವ ಬಟ್ಟೆ ಬೆವರು ಹಿಡಿಯುತ್ತದೆ, ಯಾವುದು ಮೈಗೆ ಅಂಟುತ್ತದೆ, ಇಲಾಸ್ಟಿಕ್ ಎಲ್ಲಿ ಕೊರೆಯುತ್ತದೆ ಅನ್ನುವುದು ನನ್ನ ದಿನನಿತ್ಯದ ಕೆಲಸ ಅಲ್ವಾ. ಒಂದನ್ನು ಕತ್ತರಿಯಲ್ಲಿ ಕತ್ತರಿಸಿ ಪದರ ಪದರ ಬಿಡಿಸಿದೆ.

ಮೈಗೆ ತಾಗುವ ಮೇಲ್ಪದರ ತೆಳ್ಳಗೆ, ಬಟ್ಟೆಯಂತೆ ಇರುತ್ತದೆ. ಹತ್ತಿ ಅಂದುಕೊಳ್ಳುತ್ತೇವೆ, ಹತ್ತಿ ಅಲ್ಲ. ಅದು ನೇಯದೆ ಒತ್ತಿ ಮಾಡಿದ ಪ್ಲಾಸ್ಟಿಕ್ ನೂಲು. ಅದು ನೀರನ್ನು ಹಿಡಿದಿಟ್ಟುಕೊಳ್ಳದೆ ಒಳಗೆ ಬಿಡುತ್ತದೆ. ಒಳಗೆ ಮರದ ತಿರುಳಿನ ನಾರು, ಅದರ ನಡುವೆ ಸಕ್ಕರೆ ಹರಳಿನಂಥ ಪುಡಿ. ಆ ಪುಡಿಯೇ ನೀರು ಕುಡಿದು ಜೆಲ್ ಆಗುವುದು. ಬರಿ ನೀರನ್ನಾದರೆ ಅದು ತನ್ನ ತೂಕದ ನೂರಾರು ಪಟ್ಟು ಕುಡಿಯುತ್ತದೆ. ಉಪ್ಪಿನಂಶ ಇರುವ ಮೂತ್ರವನ್ನು ಅಷ್ಟೆಲ್ಲ ಕುಡಿಯುವುದಿಲ್ಲ. ಮೇಲೆ ಮೈಭಾರ ಬಿದ್ದರೆ ಇನ್ನೂ ಕಡಿಮೆ. ಹಾಗಾಗಿ ಕಟ್ಟಿನ ಮೇಲೆ ಬರೆದ ಗಂಟೆಯನ್ನು ಪೂರ್ತಿ ನಂಬಿ ಕೂರಬೇಡಿ.

ಎಲ್ಲಕ್ಕಿಂತ ಹೊರಗಿನದು ಹಿಂಪದರ. ಇಡೀ ವಿಷಯ ಇರುವುದು ಅಲ್ಲಿ. ಹಳೆಯ ಮಾದರಿಯಲ್ಲಿ ಅದು ಸಾದಾ ಪ್ಲಾಸ್ಟಿಕ್ ಹಾಳೆ. ಮುಟ್ಟಿದರೆ ಚರಪರ ಸದ್ದು ಬರುತ್ತದೆ. ನೀರೂ ಹೋಗುವುದಿಲ್ಲ, ಆವಿಯೂ ಹೋಗುವುದಿಲ್ಲ. ಗಾಳಿಯಾಡುವ ಮಾದರಿಯಲ್ಲಿ ಪ್ಲಾಸ್ಟಿಕ್ ತಯಾರಿಸುವಾಗಲೇ ಸುಣ್ಣಕಲ್ಲಿನ ಸಣ್ಣ ಪುಡಿ ಬೆರೆಸಿ, ಆಮೇಲೆ ಹಾಳೆಯನ್ನು ಎಳೆದು ಹಿಗ್ಗಿಸುತ್ತಾರೆ. ಆಗ ಪ್ರತಿ ಕಣದ ಸುತ್ತ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರ ಬೀಳುತ್ತದೆ. ನೀರಿನ ಹನಿ ಅದರಲ್ಲಿ ದಾಟಲಾರದು. ಬೆವರಿನ ಆವಿ ದಾಟುತ್ತದೆ. ಮೈಯ ಬಿಸಿಯೂ ಅದರ ಜೊತೆ ಸ್ವಲ್ಪ ಹೊರಗೆ ಹೋಗುತ್ತದೆ.

ಇಲ್ಲಿ ಒಂದು ಎಚ್ಚರ ಬೇಕು. ಹೊರಗೆ ಮುಟ್ಟಿದಾಗ ಬಟ್ಟೆಯಂತೆ ಮೆತ್ತಗಿದ್ದರೆ ಗಾಳಿ ಆಡುತ್ತದೆ ಅಂತ ಅರ್ಥವಲ್ಲ. ಸಾದಾ ಪ್ಲಾಸ್ಟಿಕ್ ಹಾಳೆಯ ಮೇಲೆ ತೆಳ್ಳನೆಯ ಬಟ್ಟೆಯಂಥ ಪದರ ಅಂಟಿಸಿದ ಮಾಲೂ ಬರುತ್ತದೆ. ಕೆಲವು ಡೈಪರ್‌ಗಳಲ್ಲಿ ಸೊಂಟದ ಎರಡು ಬದಿ ಮಾತ್ರ ಗಾಳಿಯಾಡುವಂಥದ್ದು, ನಡುಭಾಗ ಪೂರ್ತಿ ಪ್ಲಾಸ್ಟಿಕ್. ಬದಿಗೆ ಗಾಳಿ ಆಡಿದರೂ ಒಳ್ಳೆಯದೇ, ಸೊಂಟದ ಹತ್ತಿರ ಬೆವರುಗುಳ್ಳೆ ಕಡಿಮೆ ಆಗುತ್ತದೆ. ಆದರೆ ಆಯಿಗೆ ಉರಿದದ್ದು ಸೊಂಟವಲ್ಲ, ತೊಡೆ ಸಂದಿ ಮತ್ತು ಕುಂಡೆ. ಹಗಲಿಡೀ ಬೆನ್ನ ಮೇಲೆ ಮಲಗುವವರಿಗೆ ಆ ಜಾಗವೇ ಮುಖ್ಯ.

ಮನೆಯಲ್ಲೇ ಪರೀಕ್ಷೆ ಮಾಡಬಹುದು, ಖರ್ಚು ಏನೂ ಇಲ್ಲ. ಒಂದು ಹೊಸ ಡೈಪರಿನ ನಡುಭಾಗದಿಂದ ಹಿಂಪದರವನ್ನು ಅಂಗೈ ಅಗಲ ಕತ್ತರಿಸಿಕೊಳ್ಳಿ. ಅಂಟಿರುವ ನಾರು, ಪುಡಿ ಎಲ್ಲ ಕೊಡವಿ. ಒಂದು ಲೋಟದಲ್ಲಿ ಅರ್ಧ ಬಿಸಿನೀರು ಹಾಕಿ, ಬಾಯಿಗೆ ಈ ತುಂಡು ಮುಚ್ಚಿ ರಬ್ಬರ್ ಬ್ಯಾಂಡ್ ಹಾಕಿ. ಅದರ ಮೇಲೆ ತಣ್ಣಗಿನ ಗಾಜಿನ ಲೋಟ ಬೋರಲು ಇಡಿ. ಗಾಳಿಯಾಡುವ ಪದರವಾದರೆ ಸ್ವಲ್ಪ ಹೊತ್ತಿನಲ್ಲಿ ಮೇಲಿನ ಲೋಟದ ಒಳಗೆ ಮಂಜು ಕಟ್ಟುತ್ತದೆ. ಸಾದಾ ಪ್ಲಾಸ್ಟಿಕ್ ಆದರೆ ಮೇಲಿನ ಲೋಟ ಹಾಗೇ ಇರುತ್ತದೆ. ಸೊಂಟದ ಬದಿಯ ತುಂಡನ್ನೂ ಹೀಗೇ ನೋಡಿ. ನಾನು ತಮ್ಮ ಕಳಿಸಿದ್ದನ್ನೂ ನಮ್ಮೂರಿನ ಮೆಡಿಕಲ್‌ನಲ್ಲಿ ಸಿಕ್ಕಿದ್ದನ್ನೂ ಒಟ್ಟಿಗೇ ಇಟ್ಟು ನೋಡಿದೆ. ಬೆಲೆ ಜಾಸ್ತಿ ಇದ್ದ ದಪ್ಪನೆಯದರ ಮೇಲೆ ಏನೂ ಕಟ್ಟಲಿಲ್ಲ. ಅದಕ್ಕಿಂತ ತೆಳ್ಳಗಿದ್ದ ಇನ್ನೊಂದರ ಮೇಲೆ ಲೋಟ ಪೂರ್ತಿ ಮಬ್ಬಾಯಿತು. ಫೋಟೋ ತೆಗೆದು ತಮ್ಮನಿಗೆ ಕಳಿಸಿದೆ. ಈಗ ಅವನೂ ಕೊಳ್ಳುವ ಮೊದಲು ಹಿಂಪದರದ ಬಗ್ಗೆ ಓದುತ್ತಾನೆ.

ಗಾಳಿಯಾಡುವ ಡೈಪರ್ ಹಾಕಿದ ಮೇಲೆ ಕೆಲವರು ಹೆದರುತ್ತಾರೆ. ಹೊರಗೆ ಮುಟ್ಟಿದರೆ ತಂಪು, ಸ್ವಲ್ಪ ತೇವ ಅನ್ನಿಸುತ್ತದೆ. ಸೋರುತ್ತಿದೆ ಅಂತ ಮತ್ತೆ ಪ್ಲಾಸ್ಟಿಕ್‌ಗೇ ಹೋಗುತ್ತಾರೆ. ಅದು ಸೋರುವುದಲ್ಲ, ಒಳಗಿನ ಆವಿ ಹೊರಬರುತ್ತಿರುವುದು. ಬಿಳಿ ಬಟ್ಟೆ ಒತ್ತಿ ನೋಡಿ, ಹಳದಿ ಕಲೆ ಬರದಿದ್ದರೆ ಸೋರಿಲ್ಲ. ವಾಸನೆಯೂ ಸ್ವಲ್ಪ ಜಾಸ್ತಿ ಹೊರಗೆ ಬರಬಹುದು. ಆ ವಾಸನೆಗೆ ಮದ್ದು ಬೇಗ ಬದಲಿಸುವುದು. ಅದರ ಮೇಲೆ ರಬ್ಬರ್ ಚಡ್ಡಿ, ಪ್ಲಾಸ್ಟಿಕ್ ಹಾಳೆ ಯಾವುದನ್ನೂ ಸುತ್ತಬೇಡಿ. ಸುತ್ತಿದರೆ ದುಡ್ಡು ಕೊಟ್ಟು ತಂದ ಗಾಳಿಯನ್ನು ನಾವೇ ಮುಚ್ಚಿದ ಹಾಗಾಗುತ್ತದೆ.

ಎರಡು ಡೈಪರ್ ಒಂದರ ಮೇಲೊಂದು ಹಾಕುವುದನ್ನೂ ನೋಡಿದ್ದೇನೆ. ಒಳಗಿನದರ ಹಿಂಪದರ ನೀರು ಬಿಡುವುದಿಲ್ಲ, ಹಾಗಾಗಿ ಹೊರಗಿನದು ಸುಮ್ನೆ ಒಣಗಿಯೇ ಇರುತ್ತದೆ. ಒಳಗೆ ಸೆಕೆ ಮಾತ್ರ ಎರಡರಷ್ಟು. ರಾತ್ರಿಗೆ ಜಾಸ್ತಿ ಹೀರಬೇಕಾದರೆ ಹಿಂಪದರ ಇಲ್ಲದ, ಒಳಗೆ ಇಡುವ ಪ್ಯಾಡ್ ಬೇರೆಯೇ ಬರುತ್ತದೆ. ಅದನ್ನು ಕೇಳಿ ತನ್ನಿ.

ಇನ್ನು ಅಳತೆ. ಇದು ನನ್ನ ಕಸುಬಿನ ಮಾತು, ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ. ಹೆಚ್ಚಿನವರು ತೂಕ ನೋಡಿ, ಇಲ್ಲವೇ ಕಣ್ಣಂದಾಜಿನಲ್ಲಿ ಸೈಜ್ ತರುತ್ತಾರೆ. ಸೋರಬಾರದು ಅಂತ ಒಂದು ಸೈಜ್ ದೊಡ್ಡದೇ ತರುತ್ತಾರೆ. ದೊಡ್ಡದು ಜಾಸ್ತಿ ಸೋರುತ್ತದೆ, ಯಾಕೆಂದರೆ ತೊಡೆಯ ಹತ್ತಿರ ಸಂದು ಬಿಡುತ್ತದೆ. ಮಡಿಕೆ ಬಿದ್ದಲ್ಲಿ ಚರ್ಮ ತಿಕ್ಕುತ್ತದೆ. ಚಿಕ್ಕದಾದರೆ ಇಲಾಸ್ಟಿಕ್ ಕೊರೆದು ಬೆವರಿನಲ್ಲಿ ಗಾಯವಾಗುತ್ತದೆ. ಟೇಪ್ ತೆಗೆದುಕೊಂಡು ಹೊಕ್ಕುಳದ ಮಟ್ಟದಲ್ಲಿ ಸೊಂಟದ ಸುತ್ತಳತೆ, ಆಮೇಲೆ ಕುಂಡೆಯ ಅತಿ ಅಗಲದ ಸುತ್ತಳತೆ ನೋಡಿ. ಎರಡರಲ್ಲಿ ದೊಡ್ಡದು ಯಾವುದೋ ಅದೇ ಸೈಜ್. ಮಲಗಿದವರನ್ನು ಒಂದು ಬದಿಗೆ ಹೊರಳಿಸಿ ಟೇಪ್ ಕೆಳಗೆ ತೂರಿಸಿ, ಮತ್ತೆ ಈ ಬದಿಗೆ ಹೊರಳಿಸಿ ಎಳೆದುಕೊಳ್ಳಬಹುದು. ಒಂದು ಕಂಪನಿಯ ಮೀಡಿಯಂ ಇನ್ನೊಂದರ ಲಾರ್ಜ್‌ಗೆ ಹತ್ತಿರ ಇರುತ್ತದೆ. ಹಾಗಾಗಿ ಅಕ್ಷರ ನೋಡಬೇಡಿ, ಕಟ್ಟಿನ ಹಿಂದೆ ಬರೆದ ಇಂಚು ನೋಡಿ.

ಕಟ್ಟುವುದರಲ್ಲೂ ಕ್ರಮ ಇದೆ. ಹಾಕುವ ಮೊದಲು ಉದ್ದಕ್ಕೆ ಮಡಚಿ ಒಮ್ಮೆ ಎಳೆದರೆ ಒಳಗಿನ ತಡೆಪಟ್ಟಿ ಎದ್ದು ನಿಲ್ಲುತ್ತದೆ. ಅದು ತೊಡೆ ಸಂದಿಗೆ ಸರಿಯಾಗಿ ಕೂರುವಂತೆ ಬೆರಳಿನಲ್ಲಿ ಬಿಡಿಸಬೇಕು. ಕೆಳಗಿನ ಅಂಟುಪಟ್ಟಿಯನ್ನು ಮೊದಲು, ಸ್ವಲ್ಪ ಮೇಲ್ಮುಖವಾಗಿ ಹಚ್ಚಿ. ಆಮೇಲೆ ಮೇಲಿನದನ್ನು ಸ್ವಲ್ಪ ಕೆಳಮುಖವಾಗಿ. ಸೊಂಟದಲ್ಲಿ ಎರಡು ಬೆರಳು ಸಲೀಸಾಗಿ ಹೋಗುವಷ್ಟು ಸಡಿಲ ಇರಲಿ. ಉಂಡ ಮೇಲೆ ಹೊಟ್ಟೆ ಉಬ್ಬುತ್ತದೆ, ಕೂರಿಸಿದಾಗಲೂ ಬಿಗಿಯುತ್ತದೆ. ಆ ಸಡಿಲ ಇಲ್ಲದಿದ್ದರೆ ಗಾಳಿಯಾಡುವ ಬಟ್ಟೆಯಿದ್ದೂ ಪ್ರಯೋಜನ ಇಲ್ಲ.

ಎದ್ದು ಓಡಾಡುವವರಿಗೆ ಚಡ್ಡಿಯಂತೆ ಏರಿಸುವ ಮಾದರಿ ಅನುಕೂಲ. ತಾವೇ ಇಳಿಸಿಕೊಂಡು ಬಚ್ಚಲಿಗೆ ಹೋಗಬಹುದು. ಮಲಗಿಯೇ ಇರುವವರಿಗೆ ಅದನ್ನು ಹಾಕಿ ತೆಗೆಯುವುದು ಅವರಿಗೂ ನಮಗೂ ಹಿಂಸೆ, ಅಂಟುಪಟ್ಟಿಯದೇ ಸರಿ. ಕೆಮ್ಮಿದಾಗ, ಸೀನಿದಾಗ ನಾಲ್ಕು ಹನಿ ಹೋಗುವಷ್ಟೇ ಇರುವವರಿಗೆ ಇಡೀ ಡೈಪರ್ ಯಾಕೆ? ಹತ್ತಿಯ ಒಳಚಡ್ಡಿಗೆ ಅಂಟಿಸುವ ಪ್ಯಾಡ್ ಸಾಕು, ಸೆಕೆಗೆ ಅದೇ ಎಲ್ಲಕ್ಕಿಂತ ಹಗುರ. ನನ್ನ ಹತ್ತಿರ ಬ್ಲೌಸ್ ಹೊಲಿಸಲು ಬರುವ ಹೆಂಗಸರಲ್ಲಿ ಎಷ್ಟೋ ಜನ ಅಳತೆ ಕೊಡುವಾಗ ಮೆಲ್ಲಗೆ ಈ ಮಾತು ತೆಗೆಯುತ್ತಾರೆ. ಹೆರಿಗೆಯ ನಂತರ, ಮುಟ್ಟು ನಿಂತ ನಂತರ ಶುರುವಾದದ್ದು, ಯಾರಿಗೂ ಹೇಳಿಲ್ಲ ಅನ್ನುತ್ತಾರೆ. ಅವರಿಗೆ ನಾನು ಹೇಳುವುದು ಇಷ್ಟೇ: ಮೊದಲು ಡಾಕ್ಟರಿಗೆ ತೋರಿಸಿ. ಮೂತ್ರದ ದಾರಿ ಬಿಗಿ ಹಿಡಿಯುವ ಸ್ನಾಯುವಿಗೆ ವ್ಯಾಯಾಮ ಇದೆ, ಮಾಡಿದವರಲ್ಲಿ ಎಷ್ಟೋ ಜನರಿಗೆ ಕಡಿಮೆಯಾಗುತ್ತದೆ. ಗಂಡಸರಲ್ಲಿ ಪ್ರೊಸ್ಟೇಟ್ ತೊಂದರೆ ಇರಬಹುದು, ಸಕ್ಕರೆ ಕಾಯಿಲೆ ಇರಬಹುದು, ಮೂತ್ರದ ಸೋಂಕೂ ಇರಬಹುದು. ಕಾರಣ ತಿಳಿಯದೆ ಡೈಪರ್ ಕಟ್ಟಿಕೊಂಡು ಕೂರಬೇಡಿ.

ಎಷ್ಟೇ ಒಳ್ಳೆಯ ಡೈಪರ್ ಆದರೂ ಸೆಕೆಗಾಲದಲ್ಲಿ ಅದು ದಿನವಿಡೀ ಮೈಮೇಲೆ ಇರಬಾರದು. ಈ ಮಾತಿಗೆ ನಾನು ತುಂಬಾ ಬೆಲೆ ಕೊಡುತ್ತೇನೆ. ನಮ್ಮ ಮನೆಯಲ್ಲಿ ಊಟದ ನಂತರ ಆಯಿಗೆ ಡೈಪರ್ ಪೂರ್ತಿ ತೆಗೆದುಬಿಡುತ್ತೇನೆ. ಕೆಳಗೆ ಹಾಸುವ ಅಂಡರ್‌ಪ್ಯಾಡ್ ಮೇಲೆ ಮಲಗಿಸಿ, ಮೇಲೆ ಹಳೆಯ ಹತ್ತಿ ಸೀರೆ ಹೊದಿಸಿ, ಬಾಗಿಲು ಮುಂದಕ್ಕೆ ಹಾಕುತ್ತೇನೆ. ಫ್ಯಾನಿನ ಗಾಳಿ ಸೀರೆಯ ಮೂಲಕ ಹೋಗುತ್ತದೆ. ಒದ್ದೆಯಾದರೆ ಕೂಡಲೇ ಗೊತ್ತಾಗುತ್ತದೆ, ಪ್ಯಾಡ್ ಬದಲಿಸಿದರೆ ಆಯಿತು. ಆ ಹೊತ್ತು ಅವಳಿಗೆ ನಿದ್ದೆ ಹತ್ತುತ್ತದೆ. ಕರೆಂಟ್ ಹೋದ ದಿನ ಬೀಸಣಿಗೆ ಹಿಡಿದು ಕೂರುತ್ತೇನೆ. ಬಂಡಿಹಬ್ಬ, ಮದುವೆ ಸೀಸನ್ನಿನ ಹೊಲಿಗೆ ರಾಶಿ ಬಿದ್ದಿರುತ್ತದೆ, ನಿಜ. ಆದರೂ ಮಧ್ಯಾಹ್ನದ ಆ ಹೊತ್ತು ಬಿಡುವುದಿಲ್ಲ.

ಮಲಗುವ ಮೊದಲು, ಎದ್ದ ಕೂಡಲೇ, ಊಟವಾದ ಮೇಲೆ, ಉಳಿದಂತೆ ಎರಡು ಮೂರು ಗಂಟೆಗೊಮ್ಮೆ ಕಮೋಡ್ ಕುರ್ಚಿಯ ಮೇಲೆ ಕೂರಿಸುತ್ತೇವೆ. ಆಗುತ್ತದೋ ಇಲ್ಲವೋ, ಕೂರಿಸುವುದು. ಹೀಗೆ ಹೊತ್ತು ನೋಡಿ ಕೂರಿಸಿದರೆ ಡೈಪರಿನೊಳಗೆ ಆಗುವುದು ಎಷ್ಟೋ ಕಡಿಮೆಯಾಗುತ್ತದೆ. ಡೈಪರ್ ಇದೆಯಲ್ಲ, ಅದರಲ್ಲೇ ಮಾಡು ಅಂತ ಯಾರೂ ಹೇಳಬೇಡಿ. ತಡೆಯುವ ಶಕ್ತಿ ಸ್ವಲ್ಪ ಉಳಿದಿದ್ದರೆ ಅದೂ ಹೋಗುತ್ತದೆ. ಕೇಳುವ ಜೀವಕ್ಕೆ ಎಷ್ಟು ನೋವಾಗುತ್ತದೆ ಅನ್ನುವುದನ್ನು ನಾನು ಆಯಿಯ ಮುಖದಲ್ಲಿ ನೋಡಿದ್ದೇನೆ. ಅವಳನ್ನು ನೋಡಲು ಬಂದ ನೆಂಟರೊಬ್ಬರು ಹಾಗೆ ಅಂದಿದ್ದರು.

ಬದಲಿಸುವ ಹೊತ್ತಿನ ಬಗ್ಗೆ. ಹೊರಗೆ ಹಳದಿ ಗೆರೆ ಇರುವ ಡೈಪರ್ ಬರುತ್ತದೆ. ಒದ್ದೆಯಾದರೆ ಅದು ನೀಲಿಗೆ ತಿರುಗುತ್ತದೆ. ಬಿಚ್ಚಿ ನೋಡಬೇಕಾಗಿಲ್ಲ, ಮುಜುಗರವೂ ಕಡಿಮೆ. ಸೆಕೆಯಲ್ಲಿ ಅದು ತುಂಬುವವರೆಗೆ ಕಾಯಬೇಡಿ. ಹಗಲು ಮೂರು ನಾಲ್ಕು ಗಂಟೆಗೊಮ್ಮೆಯಾದರೂ ಬದಲಿಸಬೇಕು. ಮಲ ಆದರೆ ಆ ಕ್ಷಣವೇ. ಮಲದಲ್ಲಿರುವ ಜೀರ್ಣರಸಗಳು ಒದ್ದೆ ಚರ್ಮವನ್ನು ಬೇಗ ಸುಡುತ್ತವೆ. ಮೂತ್ರ ಹಾಗೇ ನಿಂತರೆ ಅಮೋನಿಯಾ ಆಗುತ್ತದೆ. ಚರ್ಮಕ್ಕೆ ಸಹಜವಾಗಿ ಇರುವ ಸಣ್ಣ ಹುಳಿಗುಣ ಅದರಿಂದ ಹೋಗುತ್ತದೆ, ಆ ಹುಳಿಯೇ ಚರ್ಮದ ಕಾವಲು. ಮೈಸೋಪು ಕ್ಷಾರ, ಅದನ್ನು ಪ್ರತಿ ಸಲ ಹಚ್ಚಿ ಉಜ್ಜಿದರೂ ಆ ಕಾವಲು ಹೋಗುತ್ತದೆ. ಉಗುರು ಬೆಚ್ಚಗಿನ ನೀರು, ಮೆತ್ತನೆಯ ಹಳೆ ಪಂಚೆಯ ತುಂಡು ಸಾಕು. ಉಜ್ಜಬೇಡಿ, ಒತ್ತಿ ಒರೆಸಿ. ಆಮೇಲೆ ಸ್ವಲ್ಪ ಹೊತ್ತು ಹಾಗೇ ಆರಲು ಬಿಡಿ.

ಪೌಡರ್ ಹಾಕುವುದು ನಮ್ಮ ಕಡೆ ರೂಢಿ. ಬೆವರಿನಲ್ಲಿ ಅದು ಸಂದಿಯಲ್ಲಿ ಮುದ್ದೆ ಕಟ್ಟಿ ಕೊರೆಯುತ್ತದೆ, ಬೇಡ. ತೆಂಗಿನೆಣ್ಣೆಯನ್ನು ಎಲ್ಲದಕ್ಕೂ ಹಚ್ಚುವವರು ನಾವು. ಡೈಪರ್ ಹಾಕುವ ಜಾಗಕ್ಕೆ ಎಣ್ಣೆಯಾಗಲಿ ವ್ಯಾಸಲಿನ್ ಆಗಲಿ ದಪ್ಪಗೆ ಬಳಿದರೆ ಅದು ಮೇಲ್ಪದರಕ್ಕೆ ಅಂಟಿ ನೀರು ಒಳಗೆ ಇಳಿಯುವುದೇ ಇಲ್ಲ. ಮೈಮೇಲೆಯೇ ನಿಲ್ಲುತ್ತದೆ. ಜಿಂಕ್ ಇರುವ ಮುಲಾಮು ತೆಳ್ಳಗೆ ಸಾಕು. ಕೆಂಪಗಾಗಿ ಅಂಚಿನಲ್ಲಿ ಚುಕ್ಕೆ ಚುಕ್ಕೆ ಗುಳ್ಳೆ ಎದ್ದರೆ ಅದು ಫಂಗಸ್ ಇರಬಹುದು. ಅದಕ್ಕೆ ಬೇರೆ ಔಷಧ ಬೇಕು, ಡಾಕ್ಟರಿಗೆ ತೋರಿಸಿ. ಚರ್ಮ ಒಡೆದಿದ್ದರೆ ಕಾಯಲೇಬೇಡಿ, ಮಲಗಿದವರಿಗೆ ಅಲ್ಲಿಂದಲೇ ದೊಡ್ಡ ಹುಣ್ಣು ಶುರುವಾಗುವುದು.

ಒದ್ದೆಯಾಗಬಾರದು ಅಂತ ಹಿರಿಯರೇ ನೀರು ಬಿಡುತ್ತಾರೆ. ಮಗಳಿಗೆ, ಸೊಸೆಗೆ ತೊಂದರೆ ಕೊಡಬಾರದು ಅಂತ. ಆಯಿಯೂ ಲೋಟ ಹಾಗೇ ಇಟ್ಟು ‘ಕುಡಿದೆ’ ಅನ್ನುತ್ತಿದ್ದಳು. ಸೆಕೆಗಾಲದಲ್ಲಿ ಇದು ತುಂಬಾ ಅಪಾಯ. ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗಿ ಮೂತ್ರಕೋಶವನ್ನು ಇನ್ನೂ ಕೆರಳಿಸುತ್ತದೆ, ಉರಿ ಜಾಸ್ತಿ, ಸೋಂಕಿನ ಭಯ ಬೇರೆ. ಈಗ ನಾನು ಎದುರು ಕೂತು ಕುಡಿಸುತ್ತೇನೆ. ಮಜ್ಜಿಗೆ ನೀರು, ಮುರುಗಲು ಪಾನಕ, ಗಂಜಿತಿಳಿ. ಚಹಾ ಮಾತ್ರ ಸಂಜೆಯ ನಂತರ ಕೊಡುವುದಿಲ್ಲ.

ಸಂಪಾದಕರೇ, ಇಷ್ಟೆಲ್ಲ ಮನೆಯವರು ಮಾಡಬಹುದಾದದ್ದು. ಮನೆಯವರ ಕೈಯಲ್ಲಿ ಇಲ್ಲದ್ದೂ ಇದೆ.

ಕಟ್ಟುಗಳ ಮೇಲೆ ಗಂಟೆ, ಸೈಜ್, ಎಷ್ಟು ನಗ ಅಂತ ದೊಡ್ಡ ಅಕ್ಷರದಲ್ಲಿ ಇರುತ್ತದೆ. ಹಿಂಪದರ ಗಾಳಿಯಾಡುವಂಥದ್ದೇ, ಆಡುವುದಾದರೆ ಇಡೀ ಹಿಂಪದರವೇ ಅಥವಾ ಬದಿ ಮಾತ್ರವೇ ಅನ್ನುವುದು ಹೆಚ್ಚಿನ ಕಟ್ಟುಗಳಲ್ಲಿ ನನ್ನ ಕಣ್ಣಿಗೆ ಬೀಳಲಿಲ್ಲ. ಇದ್ದರೂ ಸಣ್ಣ ಇಂಗ್ಲಿಷಿನಲ್ಲಿ ಇರುತ್ತದೆ. ನಮ್ಮ ಕಡೆ ಡೈಪರ್ ಬದಲಿಸುವವರು ಯಾರು? ಸೊಸೆಯಂದಿರು, ಮಗಳಂದಿರು, ಕೆಲಸಕ್ಕೆ ಬರುವ ಹೆಂಗಸರು. ಅವರಿಗೆ ಓದಲು ಬರುವ ಕನ್ನಡದಲ್ಲಿ ಈ ಒಂದು ಸಾಲು ಬರೆಯುವುದು ತಯಾರಕರಿಗೆ ಕಷ್ಟವೇ? ಕಾನೂನಿನಲ್ಲೇ ಇದನ್ನು ಕಡ್ಡಾಯ ಮಾಡಬೇಕು ಅಂತ ನಾನು ಕೇಳುತ್ತೇನೆ.

ಅಂಗಡಿಯವರಿಗೂ ಒಂದು ಮಾತು. ಹತ್ತರ ಕಟ್ಟನ್ನೇ ಕೊಳ್ಳಬೇಕು ಅಂದರೆ ಬಡವರು ಏನು ಮಾಡಬೇಕು? ಒಂದು ಡೈಪರಿಗೆ 30ರಿಂದ 60 ರೂಪಾಯಿ ಬೀಳುತ್ತದೆ. ಸೈಜ್ ಸರಿಯಾಗದಿದ್ದರೆ, ಮೈಗೆ ಒಗ್ಗದಿದ್ದರೆ ಇಡೀ ಕಟ್ಟು ದಂಡ. ಬಿಚ್ಚಿದ ಕಟ್ಟನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ, ಅದು ಸರಿಯೇ. ಅದಕ್ಕೇ ಹೇಳುವುದು, ಪ್ರತಿ ಮಾದರಿಯದೂ ಒಂದೆರಡು ಬಿಡಿಯಾಗಿ ಕೊಡಿ. ಮಾತ್ರೆಯನ್ನು ಹಾಳೆಯಿಂದ ಕತ್ತರಿಸಿ ಕೊಡುವುದಿಲ್ಲವೇ? ಜನೌಷಧಿ ಕೇಂದ್ರಗಳ ಪಟ್ಟಿಯಲ್ಲೂ ದೊಡ್ಡವರ ಡೈಪರ್ ಇದೆ. ಅದು ತಾಲೂಕಿನ ಕೇಂದ್ರಗಳಲ್ಲಿ ಯಾವಾಗಲೂ ಸಿಗುವಂತೆ ನೋಡಿಕೊಂಡರೆ ಎಷ್ಟೋ ಮನೆಗೆ ಉಪಕಾರ.

ತೆರಿಗೆಯ ವಿಷಯ. ಸ್ಯಾನಿಟರಿ ಪ್ಯಾಡಿಗೆ 2018ರ ಜುಲೈನಲ್ಲಿ ಜಿಎಸ್‌ಟಿ ಪೂರ್ತಿ ತೆಗೆದರು. ಅದಕ್ಕಾಗಿ ಹೆಂಗಸರು ದನಿ ಎತ್ತಿದ್ದರು. ಡೈಪರ್ ಮೇಲೆ ಮಾತ್ರ 12 ಶೇಕಡಾ ಮುಂದುವರಿಯಿತು, 2025ರ ಸೆಪ್ಟೆಂಬರ್ 22ರಿಂದ ಅದು 5ಕ್ಕೆ ಇಳಿದಿದೆ. ಇಳಿಸಿದ್ದು ಒಳ್ಳೆಯದು. ಆದರೆ ದಿನಕ್ಕೆ ಮೂರು ನಾಲ್ಕು ಬೇಕಾಗುವ, ತಿಂಗಳ ಪಿಂಚಣಿಯನ್ನೇ ನುಂಗುವ ವಸ್ತು ಇದು. ಇದಕ್ಕೂ ಸೊನ್ನೆಯೇ ಆಗಬೇಕು. ಬಡ ಹಿರಿಯರಿಗೆ ಊರುಗೋಲು, ಶ್ರವಣ ಸಾಧನ, ಗಾಲಿ ಕುರ್ಚಿ ಕೊಡುವ ರಾಷ್ಟ್ರೀಯ ವಯೋಶ್ರೀ ಯೋಜನೆ 2017ರಿಂದ ಇದೆ. ಹಾಸಿಗೆ ಹಿಡಿದವರಿಗೆ ಊರುಗೋಲಿನಿಂದ ಏನು ಉಪಯೋಗ? ಅವರಿಗೆ ತಿಂಗಳಿಗೆ ಇಷ್ಟು ಅಂತ ಗಾಳಿಯಾಡುವ ಡೈಪರ್, ಅಂಡರ್‌ಪ್ಯಾಡ್ ಕೊಡುವ ದಾರಿ ಹುಡುಕಲಿ. ನಮ್ಮ ಶಾಸಕರು, ಸಂಸದರು ಇದನ್ನು ಕೇಳಬೇಕು.

ಬಳಸಿದ ಡೈಪರಿನ ವಿಲೇವಾರಿ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಬಚ್ಚಲ ಒಲೆಗೆ ಹಾಕಬೇಡಿ, ಪ್ಲಾಸ್ಟಿಕ್ ಹೊಗೆ ಮನೆಯವರಿಗೇ ವಿಷ. ಹಳ್ಳಕ್ಕೆ ಎಸೆದರೆ ಮೊದಲ ಮಳೆಗೆ ಅದು ಸಮುದ್ರಕ್ಕೆ ಹೋಗುತ್ತದೆ. ಮಲವನ್ನು ಪಾಯಖಾನೆಗೆ ಹಾಕಿ, ಡೈಪರನ್ನು ಬಿಗಿಯಾಗಿ ಸುತ್ತಿ, ಕಾಗದದಲ್ಲಿ ಕಟ್ಟಿ, ಗುರುತು ಹಾಕಿ ಕಸದ ಗಾಡಿಗೆ ಬೇರೆಯಾಗಿ ಕೊಡಿ. ಮರುಬಳಕೆಯ ವಸ್ತು ಬಳಸಿ, ಇಲ್ಲವೇ ಪ್ರತಿಯೊಂದಕ್ಕೂ ಬಿಸಾಡುವ ಚೀಲ ಕೊಡಿ ಅಂತ ತಯಾರಕರಿಗೆ ಹೇಳುವ ನಿಯಮ 2016ರಲ್ಲೇ ಬಂದಿದೆ. ನನಗೆ ಸಿಕ್ಕ ಕಟ್ಟುಗಳಲ್ಲಿ ಆ ಚೀಲ ಇರಲಿಲ್ಲ. ಪಂಚಾಯತಿ ಗಾಡಿಗಳೂ ಹಳ್ಳಿಯ ಒಳಗಿನ ಮನೆಗಳಿಗೆ ಬರಬೇಕು, ವಾರಗಟ್ಟಲೆ ಇಟ್ಟುಕೊಳ್ಳುವ ವಸ್ತು ಇದಲ್ಲ.

ಇನ್ನು ಆರೋಗ್ಯ ಇಲಾಖೆಯವರಿಗೆ ನನ್ನ ಬೇಡಿಕೆ. ಬೇಸಿಗೆಯ ಮೊದಲು ನೀವು ಹಂಚುವ ಸೂಚನೆಯಲ್ಲಿ ಡೈಪರ್ ಹಾಕುವವರ ಬಗ್ಗೆ ನಾಲ್ಕು ಸಾಲು ಸೇರಿಸಿ. ದಿನಕ್ಕೆ ಸ್ವಲ್ಪ ಹೊತ್ತು ಪೂರ್ತಿ ತೆಗೆದಿಡಿ, ಗಾಳಿಯಾಡುವುದನ್ನೇ ತನ್ನಿ, ನೀರು ನಿಲ್ಲಿಸಬೇಡಿ, ಕೆಂಪಾದರೆ ತೋರಿಸಿ ಅಂತ. ಮನೆ ಮನೆಗೆ ಬರುವ ಆಶಾ ಅಕ್ಕಂದಿರು ಬಿಪಿ, ಸಕ್ಕರೆ ಕೇಳುತ್ತಾರೆ. ಹಾಸಿಗೆ ಹಿಡಿದವರು ಇದ್ದರೆ ಅವರ ಬೆನ್ನು, ತೊಡೆ ಸಂದಿಯ ಚರ್ಮವನ್ನೂ ಒಮ್ಮೆ ನೋಡುವಂತೆ ಅವರಿಗೆ ತರಬೇತಿ ಕೊಡಿ, ಆ ಕೆಲಸಕ್ಕೆ ಸರಿಯಾದ ಹಣವನ್ನೂ ಕೊಡಿ. ನಮ್ಮ ಕೇರಿಗೆ ಬರುವ ಆಶಾ ಅಕ್ಕ ಆಯಿಯ ಗುಳ್ಳೆಯನ್ನು ನೋಡಿದ ದಿನವೇ ಡಾಕ್ಟರ ಹತ್ತಿರ ಹೋಗಿ ಅಂತ ಹೇಳಿದ್ದರು. ಅವರು ಕೇಳದಿದ್ದರೆ ಆಯಿ ತಾನಾಗಿ ತೋರಿಸುತ್ತಿರಲಿಲ್ಲ.

ಈಗ ಆಯಿಯ ಚರ್ಮ ವಾಸಿಯಾಗಿದೆ. ಹಗಲಿಗೆ ತೆಳ್ಳನೆಯ ಗಾಳಿಯಾಡುವ ಡೈಪರ್, ಮಧ್ಯಾಹ್ನ ಏನೂ ಇಲ್ಲ, ರಾತ್ರಿಗೆ ಅದೇ ಡೈಪರಿನೊಳಗೆ ಒಂದು ಪ್ಯಾಡ್. ಕೆಲವು ದಿನ ಹಾಸಿಗೆ ಒದ್ದೆಯಾಗುತ್ತದೆ, ಒಗೆಯುತ್ತೇನೆ. ಬೇಸಿಗೆಯಲ್ಲಿ ಬಟ್ಟೆ ಬೇಗ ಒಣಗುತ್ತದೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಬೇರೆ ಲೆಕ್ಕ ಹಾಕಬೇಕು.

ಈ ಪತ್ರ ಬರೆಯುವ ಮೊದಲು ಆಯಿಯನ್ನು ಕೇಳಿದ್ದೇನೆ. ಬರೆ, ಆದರೆ ಹೆಸರು ಹಾಕಬೇಡ ಅಂದಳು. ಹಾಗಾಗಿ ನನ್ನ ಹೆಸರನ್ನು ಅಚ್ಚು ಮಾಡಬೇಡಿ, ವಿಳಾಸ ನಿಮ್ಮ ಕಚೇರಿಗೆ ಮಾತ್ರ ಇರಲಿ. ಕಾರವಾರ, ಕುಮಟಾ, ಹೊನ್ನಾವರ, ಭಟ್ಕಳದ ಓದುಗರಲ್ಲಿ ಯಾರಿಗಾದರೂ ಬಿಡಿ ಡೈಪರ್ ಕೊಡುವ ಅಂಗಡಿ ಗೊತ್ತಿದ್ದರೆ ಈ ಅಂಕಣಕ್ಕೇ ಬರೆದು ತಿಳಿಸಲಿ. ಸೊಂಟದ ಸುತ್ತಳತೆ ಚಿಕ್ಕದಿರುವ ಹಿರಿಯರಿಗೆ ಸ್ಮಾಲ್ ಸೈಜ್ ಎಲ್ಲಿ ಸಿಗುತ್ತದೆ ಅನ್ನುವುದನ್ನೂ ತಿಳಿಸಿದರೆ ಒಳ್ಳೆಯದು, ನಮ್ಮಲ್ಲಿ ಮೀಡಿಯಂಗಿಂತ ಕೆಳಗಿನದು ಸಿಗುವುದೇ ಕಷ್ಟ.

ಇತಿ ನಿಮ್ಮ ಓದುಗಿ,
ಒಬ್ಬ ಟೇಲರ್, ಅಂಕೋಲಾ